ಹಾರ್ಡ್ ಡಿಸ್ಕಿನ ಹುಣಿಗಳು

ಬೆಳ್ತಂಗಡಿಯ ಕಡೆಯ ಬತ್ತದ ಬೇಸಾಯವನ್ನು ಬಲ್ಲವರಿಗೆ ಬೈಲು, ಮಜಲು, ಬೆಟ್ಟು ಎಂಬ ಹೆಸರುಗಳು ಹೊಸವಲ್ಲ. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು, ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು, ನಡುವಿನದು ಮಜಲು. ಒಂದೇ ಮನೆಯ ಭೂಮಿಯಾದರೂ ಹುಣಿ ಹಾಕಿ, ಒಂದೊಂದು ಭಾಗವನ್ನು ಒಂದೊಂದು ಬಗೆಯಲ್ಲಿ ಬಳಸುವುದು ರೈತನ ಜಾಣ್ಮೆ. ಗಣಕದ ಹಾರ್ಡ್ ಡಿಸ್ಕನ್ನು ವಿಭಾಗಿಸುವುದೂ ಇಂತಹುದೇ ಕಾರ್ಯ.

ಹಾರ್ಡ್ ಡಿಸ್ಕೆಂದರೆ ಕಾಂತೀಯ ಲೇಪವುಳ್ಳ, ವೇಗವಾಗಿ ತಿರುಗುವ ತಟ್ಟೆಗಳ ಪೆಟ್ಟಿಗೆ. 1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲನೆಯ ಡಿಸ್ಕಿನಲ್ಲಿ 50 ತಟ್ಟೆಗಳಿದ್ದರೂ ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ತಟ್ಟೆಯಲ್ಲಿ ಮಾಹಿತಿಯು ಸೆಕ್ಟರುಗಳೆಂಬ ಸಣ್ಣ ತುಂಡುಗಳಲ್ಲಿ ನೆಲೆಸಿರುತ್ತದೆ. ಪ್ರತಿಯೊಂದು ಸೆಕ್ಟರಿಗೂ ಒಂದು ಕ್ರಮಸಂಖ್ಯೆಯುಂಟು.

ಹಾಗಾದರೆ ಹುಣಿಯೆಲ್ಲಿ? ತಟ್ಟೆಯ ಮೇಲೆ ಯಾವ ಗೆರೆಯೂ ಇಲ್ಲ! ಗದ್ದೆಯ ಹುಣಿಯಾದರೋ ಕಣ್ಣಿಗೆ ಕಾಣುತ್ತದೆ. ಡಿಸ್ಕಿನ ಹುಣಿ ಕೇವಲ ಲೆಕ್ಕದಲ್ಲಿದೆ. 1983ರಲ್ಲಿ ವೈಯಕ್ತಿಕ ಗಣಕಗಳಿಗೆ ಬಂದ ಪದ್ಧತಿಯಂತೆ, 512 ಬೈಟುಗಳ ಮೊದಲನೆಯ ಸೆಕ್ಟರಿನಲ್ಲಿ 64 ಬೈಟುಗಳ ಒಂದು ಕೋಷ್ಟಕವಿರುತ್ತದೆ. ಅದರಲ್ಲಿ 16 ಬೈಟುಗಳ ನಾಲ್ಕು ಸಾಲುಗಳು. ವಿಭಾಗವು ಯಾವ ಸೆಕ್ಟರಿನಿಂದ ಆರಂಭ, ಎಷ್ಟು ಸೆಕ್ಟರುಗಳಷ್ಟು ಉದ್ದ ಎಂಬುದನ್ನು ಒಂದೊಂದು ಸಾಲೂ ತಿಳಿಸುತ್ತದೆ. ಇದೇ ಡಿಸ್ಕಿನ ಪಹಣಿ. ಈ ಸಂಖ್ಯೆಗಳಿಗೆ 32 ಬಿಟ್‌ಗಳಷ್ಟೇ ಸ್ಥಳವಿರುವುದರಿಂದ, ಸುಮಾರು 2.2 ಲಕ್ಷ ಕೋಟಿ ಬೈಟುಗಳಾಚೆಗೆ ಈ ಪದ್ಧತಿ ಸಾಲದು. ಈಚಿನ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಸಾಲುಗಳಿದ್ದು, ಕೋಷ್ಟಕದ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿಯೂ ಇರುತ್ತದೆ.

ಇದರಿಂದ ಪ್ರಯೋಜನವೇನು? ಗಣಕವನ್ನು ನಡೆಸುವ ತಂತ್ರಾಂಶವು ಒಂದು ವಿಭಾಗದಲ್ಲಿ, ನಮ್ಮ ಬರವಣಿಗೆಯು ಇನ್ನೊಂದರಲ್ಲಿ ಇದ್ದರೆ, ಮೊದಲನೆಯದನ್ನು ಅಳಿಸಿ ಹೊಸದಾಗಿ ಸ್ಥಾಪಿಸಿದರೂ ಎರಡನೆಯದಕ್ಕೆ ಬಾಧಕವಿಲ್ಲ. ಪಹಣಿ ಹರಿದರೆ ಗದ್ದೆ ಮಾಯವಾಗದು; ಹಾಗೆಯೇ ಕೋಷ್ಟಕ ಕೆಟ್ಟರೂ ಮಾಹಿತಿ ಅಲ್ಲಿಯೇ ಇರುತ್ತದೆ. ಅದರ ಮೇಲೆ ಹೊಸತೇನನ್ನೂ ಬರೆಯದಿದ್ದರೆ, ಗಡಿಗಳನ್ನು ಮರಳಿ ಗುರುತಿಸುವುದು ಅನೇಕ ವೇಳೆ ಸಾಧ್ಯ.

ಆದರೆ ಒಂದು ಭ್ರಮೆಗೆ ಒಳಗಾಗಬಾರದು. ನನ್ನ ವಿದ್ಯಾರ್ಥಿಯೊಬ್ಬನು ಒಂದು ವರ್ಷದ ಪ್ರಯೋಗಗಳ ಅಳತೆಗಳನ್ನು ಒಂದು ವಿಭಾಗದಲ್ಲಿಯೂ ಅವುಗಳ ಪ್ರತಿಯನ್ನು ಅದೇ ಡಿಸ್ಕಿನ ಮತ್ತೊಂದು ವಿಭಾಗದಲ್ಲಿಯೂ ಇಟ್ಟು ನಿಶ್ಚಿಂತನಾಗಿದ್ದನು. ಒಂದು ದಿನ ಡಿಸ್ಕಿನ ಮೋಟಾರು ನಿಂತಿತು. ಎರಡೂ ಒಟ್ಟಿಗೆ ಹೋದವು. 1974ರಲ್ಲಿ ನೇತ್ರಾವತಿಯು ಉಕ್ಕಿ ಬಂಟ್ವಾಳಕ್ಕೆ ನುಗ್ಗಿದಾಗ ಇದು ಯಾರ ಹುಣಿಯೆಂದು ಕೇಳಲಿಲ್ಲವಷ್ಟೆ!

ರಕ್ಷಣೆಯ ಮಾರ್ಗವನ್ನು ಮೂಡುಬಿದಿರೆ ತೋರಿಸಿದೆ. ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ತಾಳೆಯೋಲೆಗಳಲ್ಲಿ ಉಳಿದಿದ್ದ ಧವಲ ಗ್ರಂಥವು, ಪ್ರತಿಯಾಗಿ ಹೊರಗೆ ಹೋಗಿ, 1939ರಿಂದ ಅಚ್ಚಾಗತೊಡಗಿತು. ಇಂದು ಒಂದೆಡೆ ಓಲೆಗೆ ಹುಳು ಹತ್ತಿದರೂ ಗ್ರಂಥ ಅಳಿಯದು. ಹುಣಿ ಇರುವುದು ವ್ಯವಸ್ಥೆಗಾಗಿ. ರಕ್ಷಣೆ ಬೇಕಾದರೆ ಪ್ರತಿಯು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ ಇರಬೇಕು.