ಮತ್ತಿನ ಮದ್ದಿನಿಂದ ಖಿನ್ನತೆ ವಾಸಿಯೇ?

ಊರಿಗೆ ನುಗ್ಗಿದ ಚಿರತೆಯನ್ನು ಹಿಡಿಯಲು ಅರಣ್ಯ ಇಲಾಖೆಯ ಪಶುವೈದ್ಯರು ಬಂದೂಕಿನಿಂದ ಹಾರಿಸುವ ಅರಿವಳಿಕೆಯಲ್ಲಿ ಸಾಮಾನ್ಯವಾಗಿ ಎರಡು ಔಷಧಗಳು ಬೆರೆತಿರುತ್ತವೆ: ಕ್ಸೈಲಾಜಿನ್ ಮತ್ತು ಕೆಟಮಿನ್. ಹಾಗಾಗಿ ಮನೋವೈದ್ಯರು ‘ಕೆಟಮಿನ್ ಕೊಟ್ಟು ನೋಡೋಣ’ ಎಂದರೆ ರೋಗಿಯ ಮನೆಯವರು ಬೆಚ್ಚಿಬೀಳುವುದು ಸಹಜ. ಅದೇ ಮನೆಯ ಹುಡುಗನ ಮೊಬೈಲಿನಲ್ಲಿ ಮಾತ್ರ ಬೇರೆಯೇ ಕಥೆ; ಒಂದು ಡ್ರಿಪ್ ಏರಿಸಿಕೊಂಡು ವರ್ಷಗಳ ಖಿನ್ನತೆಯಿಂದ ಎದ್ದುಬಂದವರ ವಿಡಿಯೊಗಳು. ಎರಡೂ ಕಡೆ ಒಂದಿಷ್ಟು ನಿಜ ಇರುವುದರಿಂದಲೇ ಎರಡನ್ನೂ ಜನ ಸುಲಭವಾಗಿ ನಂಬುತ್ತಾರೆ.

‘ಅದು ಪ್ರಾಣಿಗಳ ಮತ್ತಿನ ಇಂಜೆಕ್ಷನ್’

ಪ್ರಾಣಿಗಳಿಗೂ ಕೊಡುತ್ತಾರೆ, ಆದರೆ ಅದು ತಯಾರಾದದ್ದು ಮನುಷ್ಯರಿಗಾಗಿ. ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಗಾಗಿ ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಸ್ಟೀವನ್ಸ್ 1962ರಲ್ಲಿ ಇದನ್ನು ಸಂಶ್ಲೇಷಿಸಿದರು. ಅದಕ್ಕೂ ಮೊದಲು ಬಳಸುತ್ತಿದ್ದ ಫೆನ್ಸೈಕ್ಲಿಡಿನ್ ಎಂಬ ಅರಿವಳಿಕೆ, ಶಸ್ತ್ರಚಿಕಿತ್ಸೆ ಮುಗಿದ ಮೇಲೂ ರೋಗಿಗಳನ್ನು ಗಂಟೆಗಟ್ಟಲೆ ಭ್ರಮೆಯಲ್ಲಿ ಕೆಡವುತ್ತಿತ್ತು. ಅದಕ್ಕಿಂತ ಬೇಗ ಇಳಿಯುವ ಮದ್ದು ಬೇಕಿತ್ತು. 1964ರಲ್ಲಿ ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸೆನ್ ಎಂಬ ವೈದ್ಯರು ಮಿಷಿಗನ್ ಜೈಲಿನಲ್ಲಿ ಸ್ವಯಂಸೇವಕರಾಗಿ ಮುಂದೆ ಬಂದ ಕೈದಿಗಳ ಮೇಲೆ ಇದನ್ನು ಪ್ರಯೋಗಿಸಿದರು. 1970ರಲ್ಲಿ ಅನುಮತಿ ಸಿಕ್ಕಿತು, ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೂ ಬಳಕೆಯಾಯಿತು. 1985ರಿಂದ ಇದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಬೇರೆ ಅರಿವಳಿಕೆಗಳ ಹಾಗೆ ಇದು ಉಸಿರಾಟವನ್ನೂ ರಕ್ತದೊತ್ತಡವನ್ನೂ ಸುಲಭಕ್ಕೆ ಕುಸಿಯಲು ಬಿಡುವುದಿಲ್ಲ. ದೊಡ್ಡ ಯಂತ್ರಗಳಿಲ್ಲದ ಸಣ್ಣ ಆಸ್ಪತ್ರೆಗಳಿಗೆ ಇದೇ ಆಸರೆ.

ಖಿನ್ನತೆಗೆ ಕೊಡುವ ಪ್ರಮಾಣವೇ ಬೇರೆ. ಪ್ರಜ್ಞೆ ತಪ್ಪಿಸಲು ದೇಹದ ತೂಕದ ಪ್ರತಿ ಕಿಲೋಗೆ 1ರಿಂದ 2 ಮಿಲಿಗ್ರಾಂನಷ್ಟನ್ನು ಒಮ್ಮೆಗೇ ರಕ್ತನಾಳಕ್ಕೆ ಕೊಟ್ಟರೆ, ಇಲ್ಲಿ ಅರ್ಧ ಮಿಲಿಗ್ರಾಂನ ಲೆಕ್ಕದಲ್ಲಿ 40 ನಿಮಿಷ ಹನಿಹನಿಯಾಗಿ ಇಳಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ.

‘ಒಂದು ಡ್ರಿಪ್ ಸಾಕು, ಖಿನ್ನತೆ ಮಾಯ’

ಹೆಚ್ಚು ದುಡ್ಡು ಕರಗುವುದೂ ಹೆಚ್ಚು ಮನಸ್ಸು ಮುರಿಯುವುದೂ ಈ ನಂಬಿಕೆಯಿಂದ.

ಮಾಮೂಲಿ ಖಿನ್ನತೆಯ ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ವಾರಗಳು ಬೇಕು. ಯೇಲ್ ವಿಶ್ವವಿದ್ಯಾಲಯದ ತಂಡ 2000ದಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ ಕೇವಲ ಏಳು ರೋಗಿಗಳಿದ್ದರು. ಕೆಟಮಿನ್ ಕೊಟ್ಟ ಮೂರು ದಿನಗಳೊಳಗೆ ಅವರ ಖಿನ್ನತೆ ಇಳಿದಿತ್ತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಕಾರ್ಲೋಸ್ ಜರಾಟೆ ಮತ್ತು ಸಂಗಡಿಗರು 2006ರಲ್ಲಿ, ಬೇರೆ ಔಷಧಗಳಿಗೆ ಜಗ್ಗದ 18 ಮಂದಿಯ ಮೇಲೆ ಅದನ್ನು ಮತ್ತೆ ಪರೀಕ್ಷಿಸಿದರು. ಒಂದೇ ದಿನದಲ್ಲಿ ಶೇ 71ರಷ್ಟು ಮಂದಿಗೆ ಗಮನಾರ್ಹ ಸುಧಾರಣೆ. ಸುದ್ದಿಯಾದದ್ದು ಈ ಸಂಖ್ಯೆ. ಅದೇ ವರದಿಯ ಇನ್ನೊಂದು ಸಂಖ್ಯೆಯನ್ನು ಯಾರೂ ಹಂಚಿಕೊಳ್ಳುವುದಿಲ್ಲ: ಆ ಸುಧಾರಣೆ ಒಂದು ವಾರವಾದರೂ ಉಳಿದದ್ದು ಶೇ 35ರಷ್ಟು ಮಂದಿಯಲ್ಲಿ ಮಾತ್ರ.

ಔಷಧ ಹಲವು ಗಂಟೆಗಳಲ್ಲಿ ರಕ್ತದಿಂದ ಇಳಿದುಹೋಗುತ್ತದೆ, ಪರಿಣಾಮ ಮಾತ್ರ ದಿನಗಟ್ಟಲೆ ಇರುತ್ತದೆ. ಮಿದುಳಿನಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಕೂರುವ ಒಂದು ಬಗೆಯ ಗ್ರಾಹಕವನ್ನು ಕೆಟಮಿನ್ ತಡೆಯುತ್ತದೆ. ಅದರ ಬೆನ್ನಿಗೇ ನರಕೋಶಗಳ ನಡುವೆ ಹೊಸ ಸಂಪರ್ಕಗಳು ಚಿಗುರುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಚಿಗುರಿದ್ದು ಮತ್ತೆ ಬಾಡುತ್ತದೆ. ಅದಕ್ಕೇ ಚಿಕಿತ್ಸೆಯನ್ನು ಸರಣಿಯಾಗಿ ಕೊಡುತ್ತಾರೆ. ಕೆಟಮಿನ್‌ನ ಒಂದು ಭಾಗವಾದ ಎಸ್ಕೆಟಮಿನ್‌ನ ಮೂಗಿನ ಸ್ಪ್ರೇಗೆ ಅಮೆರಿಕ 2019ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೊದಲ ನಾಲ್ಕು ವಾರ ವಾರಕ್ಕೆರಡು ಸಲ, ಆಮೇಲೆ ನಿಧಾನಕ್ಕೆ ಅಂತರ ಹೆಚ್ಚಿಸುವುದು. ಪ್ರತಿ ಸಲವೂ ಕನಿಷ್ಠ ಎರಡು ಗಂಟೆ ಆಸ್ಪತ್ರೆಯವರ ಕಣ್ಣೆದುರೇ ಇರಬೇಕು, ಮರುದಿನದವರೆಗೆ ವಾಹನ ಓಡಿಸುವಂತಿಲ್ಲ.

ಕೆಸರಿನಲ್ಲಿ ಹೂತ ಗಾಡಿಯನ್ನು ನಾಲ್ಕು ಜನ ಸೇರಿ ತಳ್ಳಿ ಮೇಲೆತ್ತಿದ ಹಾಗೆ ಇದು. ಮುಂದಿನ ದಾರಿಯನ್ನು ಎತ್ತುಗಳೇ ನಡೆಯಬೇಕು. ಆಪ್ತಸಮಾಲೋಚನೆ, ಉಳಿದ ಮಾತ್ರೆಗಳು, ನಿದ್ದೆ, ಕುಡಿತ ಬಿಡುವುದು ಎಲ್ಲವೂ ಆ ಕೆಲವು ಹಗುರ ದಿನಗಳಲ್ಲೇ ಶುರುವಾಗಬೇಕು. ಆ ಯೋಜನೆ ಇಲ್ಲದೆ ಬರೀ ಡ್ರಿಪ್ ಮಾರುವ ಕ್ಲಿನಿಕ್ಕಿನ ಬಗ್ಗೆ ನನಗೆ ನಂಬಿಕೆಯಿಲ್ಲ.

‘ಆತ್ಮಹತ್ಯೆಯನ್ನು ತಡೆಯುತ್ತದೆ’

ಸಾಯಬೇಕೆಂಬ ಯೋಚನೆಯ ತೀವ್ರತೆ ಕೆಲವರಲ್ಲಿ ಕೆಲವೇ ಗಂಟೆಗಳಲ್ಲಿ ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಆತ್ಮಹತ್ಯೆಯನ್ನು ತಡೆಯುತ್ತದೆ ಎಂಬುದು ಸಾಬೀತಾಗಿಲ್ಲ. ಎಸ್ಕೆಟಮಿನ್ ಸ್ಪ್ರೇ ಜೊತೆಗಿನ ಮಾಹಿತಿಪತ್ರವೇ ಹಾಗೆ ಹೇಳುತ್ತದೆ. ಅಂಥ ಯೋಚನೆ ಇರುವವರನ್ನು ಡ್ರಿಪ್ ಆಯಿತೆಂದು ಒಬ್ಬರೇ ಬಿಡಬಾರದು.

‘ಶಾಕ್ ಟ್ರೀಟ್‌ಮೆಂಟ್ ಇನ್ನು ಬೇಡ’

2023ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಹೋಲಿಕೆಯಲ್ಲಿ ಕೆಟಮಿನ್ ಪಡೆದ ಶೇ 55ರಷ್ಟು, ವಿದ್ಯುತ್ ಕಂಪನ ಚಿಕಿತ್ಸೆ ಪಡೆದ ಶೇ 41ರಷ್ಟು ಮಂದಿ ಗಮನಾರ್ಹವಾಗಿ ಸುಧಾರಿಸಿದರು. ಆದರೆ ಅದಕ್ಕೂ ಮುಂಚೆ ಸ್ವೀಡನ್ನಿನ ಆಸ್ಪತ್ರೆಗಳಲ್ಲಿ ದಾಖಲಾಗಿದ್ದ ರೋಗಿಗಳ ಅಧ್ಯಯನದಲ್ಲಿ ಫಲಿತಾಂಶ ತಿರುವುಮುರುವು: ಪೂರ್ಣ ಚೇತರಿಕೆ ವಿದ್ಯುತ್ ಚಿಕಿತ್ಸೆಗೆ ಶೇ 63, ಕೆಟಮಿನ್‌ಗೆ ಶೇ 46. ಅಮೆರಿಕದ ಅಧ್ಯಯನ ಭ್ರಮೆಯ ಲಕ್ಷಣಗಳಿದ್ದವರನ್ನು ಸೇರಿಸಿಕೊಂಡಿರಲೇ ಇಲ್ಲ. ಅನ್ನ-ನೀರು ಬಿಟ್ಟು ಮಲಗಿದ, ಭ್ರಮೆಗಳಿರುವ ತೀವ್ರ ಖಿನ್ನತೆಗೆ ಹಳೆಯ ಚಿಕಿತ್ಸೆಯೇ ಇಂದಿಗೂ ಮುಂದು. ಸಿನಿಮಾದಲ್ಲಿ ತೋರಿಸುವ ಹಾಗೆ ಕೈಕಾಲು ಕಟ್ಟಿ ಶಾಕ್ ಕೊಡುವುದು ಅಲ್ಲಿಲ್ಲ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅರಿವಳಿಕೆ ಇಲ್ಲದೆ ಅದನ್ನು ಕೊಡುವುದೇ ನಿಷಿದ್ಧ. ತಮಾಷೆಯೆಂದರೆ, ಆ ಅರಿವಳಿಕೆಯಾಗಿ ಕೆಲವೊಮ್ಮೆ ಕೆಟಮಿನನ್ನೇ ಬಳಸುತ್ತಾರೆ.

‘ತೇಲಿದ ಅನುಭವವೇ ಗುಣಪಡಿಸುತ್ತದೆ’

ಡ್ರಿಪ್ ಹರಿಯುವಾಗ ದೇಹದಿಂದ ಹೊರಗೆ ನಿಂತಂತೆ, ಹೊತ್ತು ನಿಂತಂತೆ ಅನಿಸುತ್ತದೆ. ಅದೇ ಮದ್ದು ಎನ್ನುವವರಿದ್ದಾರೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಬೇರೆ ಶಸ್ತ್ರಚಿಕಿತ್ಸೆಗೆಂದು ಪೂರ್ಣ ಅರಿವಳಿಕೆಯಲ್ಲಿದ್ದ 40 ಮಂದಿ ಖಿನ್ನತೆಯ ರೋಗಿಗಳಲ್ಲಿ ಕೆಲವರಿಗೆ ಕೆಟಮಿನ್, ಉಳಿದವರಿಗೆ ಬರೀ ಲವಣದ ನೀರು ಕೊಟ್ಟು 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಗುಂಪಿನವರು ಸರಿಸುಮಾರು ಒಂದೇ ಥರ ಸುಧಾರಿಸಿದರು. ತೇಲಿದ ಅನುಭವ ಯಾರಿಗೂ ಆಗಿರಲಿಲ್ಲ, ಆದರೂ ಸುಧಾರಣೆ ಬಂತು. ನಿರೀಕ್ಷೆ, ಆರೈಕೆ, ಯಾರೋ ಗಮನ ಕೊಡುತ್ತಿದ್ದಾರೆಂಬ ಭಾವ, ಇವುಗಳ ಪಾಲು ಎಷ್ಟೆಂದು ಆ ಪ್ರಯೋಗ ಕೇಳಿತು. ಪ್ರಶ್ನೆ ಇನ್ನೂ ಮುಗಿದಿಲ್ಲ.

‘ಎಲ್ಲ ಮಾನಸಿಕ ಕಾಯಿಲೆಗೂ ಆಗುತ್ತದೆ’

ಆಗುವುದಿಲ್ಲ. ಆಘಾತೋತ್ತರ ಒತ್ತಡ, ಗೀಳು ರೋಗಗಳ ಬಗ್ಗೆ ಸಿಕ್ಕಿರುವ ಪುರಾವೆ ತೆಳು, ಕೆಲವು ಕಡೆ ಪರಸ್ಪರ ವಿರುದ್ಧ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಲಕ್ಷಣಗಳು ಕೆರಳಬಹುದು. ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರಿಗೂ ಗರ್ಭಿಣಿಯರಿಗೂ ಬೇಡ.

‘ಮನೆಯಲ್ಲೇ ತೆಗೆದುಕೊಳ್ಳಬಹುದು’

ಅಮೆರಿಕದ ನಟ ಮ್ಯಾಥ್ಯೂ ಪೆರಿ 2023ರ ಅಕ್ಟೋಬರ್ 28ರಂದು ತಮ್ಮ ಮನೆಯ ಜಕೂಜಿಯಲ್ಲಿ ಸತ್ತರು. ಸಾವಿಗೆ ಕಾರಣ ಕೆಟಮಿನ್ ಎಂದಿತು ಮರಣೋತ್ತರ ವರದಿ. ‘ಚಿಕಿತ್ಸೆಯೇ ಕೊಂದಿತು’ ಎಂಬ ಮಾತು ಹರಡಿತು. ಆದರೆ ಅವರು ಪಡೆಯುತ್ತಿದ್ದ ಚಿಕಿತ್ಸೆಯ ಕೊನೆಯ ಡ್ರಿಪ್ ಆಗಿ ಒಂದೂವರೆ ವಾರ ಕಳೆದಿತ್ತು. ರಕ್ತದಲ್ಲಿ ಸಿಕ್ಕಿದ್ದು ಶಸ್ತ್ರಚಿಕಿತ್ಸೆಗೆ ಪ್ರಜ್ಞೆ ತಪ್ಪಿಸುವಷ್ಟು ಪ್ರಮಾಣ. ಅದು ಹೊರಗಿನಿಂದ ತರಿಸಿಕೊಂಡದ್ದು. ಇಬ್ಬರು ವೈದ್ಯರೂ ಸೇರಿ ಐವರ ಮೇಲೆ 2024ರಲ್ಲಿ ಆರೋಪ ದಾಖಲಾಯಿತು.

ನಿರಂತರವಾಗಿ ಹೆಚ್ಚು ಸೇವಿಸುವವರಿಗೆ ಇನ್ನೊಂದು ಹಾನಿ ಕಾದಿರುತ್ತದೆ. ಮೂತ್ರಕೋಶದ ಒಳಪದರ ಹುಣ್ಣಾಗಿ, ಕೋಶ ಕುಗ್ಗಿ, ಗಳಿಗೆಗೊಮ್ಮೆ ಉರಿಯಿಂದ ಓಡಬೇಕಾಗುತ್ತದೆ. 2007ರಿಂದೀಚೆಗೆ ಕೆನಡಾ, ಹಾಂಗ್‌ಕಾಂಗ್ ವೈದ್ಯರು ಈ ಪ್ರಕರಣಗಳನ್ನು ವರದಿ ಮಾಡಿದ್ದಾರೆ. ವೈದ್ಯರ ಮೇಲ್ವಿಚಾರಣೆಯಲ್ಲಿ ಅಂತರವಿಟ್ಟು ಕೊಡುವ ಸಣ್ಣ ಪ್ರಮಾಣದಲ್ಲಿ ಇದು ಅಪರೂಪ. ಚಟವಾಗುವ ಸಾಧ್ಯತೆಯಂತೂ ಇದ್ದೇ ಇದೆ.

‘ನಮ್ಮಲ್ಲಿ ಇದು ಕಾನೂನುಬಾಹಿರ’

ಅಲ್ಲ, ಬಿಗಿ ನಿಯಂತ್ರಣದಲ್ಲಿದೆ. 2011ರಿಂದ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೆ ಬಂದಿದೆ, ಆಮೇಲೆ ಔಷಧ ನಿಯಮಗಳ ಎಕ್ಸ್ ಅನುಸೂಚಿಗೂ ಸೇರಿತು. ಆಸ್ಪತ್ರೆಗಳು ಲೆಕ್ಕವಿಟ್ಟು ಬಳಸುತ್ತವೆ. ಖಿನ್ನತೆಗೆ ಡ್ರಿಪ್ ಕೊಡುವುದು ವೈದ್ಯರ ವಿವೇಚನೆಗೆ ಬಿಟ್ಟ, ಮೂಲ ಅನುಮತಿಯಾಚೆಗಿನ ಬಳಕೆ. ನಿಮ್ಹಾನ್ಸ್‌ನ ಚಿತ್ತರಂಜನ್ ಆಂದ್ರಾದೆ 2017ರಲ್ಲೇ ವೈದ್ಯರಿಗಾಗಿ ಇದರ ಸಾಧಕಬಾಧಕಗಳ ಲೇಖನ ಸರಣಿ ಬರೆದಿದ್ದಾರೆ. ಔಷಧ ಹಳೆಯದು, ಬೆಲೆಯೂ ಹೆಚ್ಚಲ್ಲ. ಬಿಲ್ಲು ದೊಡ್ಡದಾಗಿದ್ದರೆ ಯಾವುದಕ್ಕೆಂದು ಕೇಳಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇದನ್ನು ಸೂಚಿಸಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ: ಈಗಾಗಲೇ ಎರಡು ಔಷಧಗಳನ್ನಾದರೂ ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟಾಗಿದೆಯೇ? ಡ್ರಿಪ್ ಹರಿಯುವಾಗ ರಕ್ತದೊತ್ತಡ ನೋಡುತ್ತಾ ಪಕ್ಕದಲ್ಲಿ ಯಾರಿರುತ್ತಾರೆ? ತುರ್ತು ಬಂದರೆ ಏನು ವ್ಯವಸ್ಥೆ? ಸರಣಿ ಮುಗಿದ ಮೇಲೆ ಮುಂದೇನು? ಉತ್ತರ ತೃಪ್ತಿ ತರದಿದ್ದರೆ ಇನ್ನೊಬ್ಬ ಮನೋವೈದ್ಯರನ್ನು ನೋಡಿ. ಯಾರನ್ನು ಕೇಳಬೇಕೆಂದೇ ತಿಳಿಯದಿದ್ದರೆ, ಅಥವಾ ಸಾಯುವ ಯೋಚನೆ ಕಾಡುತ್ತಿದ್ದರೆ, ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.