ಹಳೆಯ ಆದೇಶ, ಹೊಸ ಗಣಕಯಂತ್ರ

ಹಳೆಯ ಗಣಕಯಂತ್ರವನ್ನು ಬದಲಾಯಿಸುವುದು ಸುಲಭ. ಅದಕ್ಕೆಂದು ಬರೆದ ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, ಹೊಸ ಯಂತ್ರಕ್ಕೆ ಒಗ್ಗಿಸುವುದು ಅಷ್ಟು ಸುಲಭವಲ್ಲ. ಒಂದು ಕಾಲದಲ್ಲಿ ಎಲ್ಲರೂ ನೆಚ್ಚಿದ್ದ ಆದೇಶವನ್ನು ಹೊಸ ವ್ಯವಸ್ಥೆಯು ನಿರಾಕರಿಸುವುದುಂಟು. ಸಿ ಭಾಷೆಯ ‘ಗೆಟ್ಸ್’ ಎಂಬ ಆದೇಶವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಕೀಲಿಮಣೆಯಲ್ಲಿ ಬೆರಳಚ್ಚಿಸಿದ ಒಂದು ಸಾಲನ್ನು ಓದಿ ಯಂತ್ರದ ಸ್ಮೃತಿಯಲ್ಲಿರಿಸುವುದು ಗೆಟ್ಸ್‌ನ ಕಾರ್ಯ. ಆದರೆ ಆ ಸಾಲಿಗೆ ಮೀಸಲಾದ ಸ್ಥಳವೆಷ್ಟೆಂಬುದು ಅದಕ್ಕೆ ತಿಳಿಯದು. 20 ಬೈಟುಗಳ ಸ್ಥಳಕ್ಕೆ 50 ಬೈಟುಗಳು ಬಂದರೆ, ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತೆ, ಮಿಕ್ಕವು ಹೊರಚೆಲ್ಲಿ ನೆರೆಯ ಮಾಹಿತಿಯನ್ನು ಕೆಡಿಸುತ್ತವೆ. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಯಬಿಟ್ಟ ‘ಹುಳು’ ಎಂಬ ಕ್ರಮವಿಧಿಯು ಗಣಕಜಾಲದಲ್ಲಿ ಹಬ್ಬಲು ಬಳಸಿಕೊಂಡ ದಾರಿಗಳಲ್ಲಿ ಇದೂ ಒಂದು. ಯುನಿಕ್ಸ್ ಯಂತ್ರಗಳ ‘ಫಿಂಗರ್’ ಸೇವೆಯು ಗೆಟ್ಸ್ ಮೂಲಕ 512 ಬೈಟುಗಳ ಸ್ಥಳಕ್ಕೆ ಓದುತ್ತಿತ್ತು. ಹುಳುವು 536 ಬೈಟುಗಳನ್ನು ಕಳುಹಿಸಿತು.

ಇಷ್ಟಾದರೂ 1989ರ ಅಮೆರಿಕದ ಮಾನಕದಲ್ಲಿ ಗೆಟ್ಸ್ ಉಳಿಯಿತು. 2011ರ ಅಂತರರಾಷ್ಟ್ರೀಯ ಮಾನಕದಲ್ಲಷ್ಟೇ ಅದನ್ನು ಕೈಬಿಡಲಾಯಿತು. ಆದಕಾರಣ, ಭಾರತದ ಅನೇಕ ತರಗತಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟರ್ಬೊ ಸಿ ಯಲ್ಲಿ ಬರೆದ ಕ್ರಮವಿಧಿಯನ್ನು ಇಂದಿನ ಕಂಪೈಲರ್ ದೋಷವೆಂದು ತಿರಸ್ಕರಿಸಿದರೆ ಅಚ್ಚರಿಯಿಲ್ಲ.

ಹಳೆಯ ಮಾನಕದಂತೆಯೇ ನಡೆಯೆಂದು ಕಂಪೈಲರಿಗೆ ಸೂಚಿಸಿದರೆ ಆಕ್ಷೇಪಣೆ ಅಡಗಬಹುದು, ಅಪಾಯ ಅಡಗದು. ಯೋಗ್ಯ ಪರಿಹಾರವೆಂದರೆ ಸ್ಥಳದ ಅಳತೆಯನ್ನು ಕೇಳಿ ಪಡೆಯುವ ‘ಎಫ್‌ಗೆಟ್ಸ್’ ಆದೇಶವನ್ನು ಬಳಸುವುದು. ಆದರೆ ಹೆಸರನ್ನು ಮಾತ್ರ ಬದಲಿಸಿದರೆ ಸಾಲದು. ಸಾಲಿನ ಕೊನೆಯ ಗುರುತನ್ನು ಗೆಟ್ಸ್ ತಾನೇ ತೆಗೆದುಹಾಕುತ್ತಿತ್ತು. ಎಫ್‌ಗೆಟ್ಸ್ ಅದನ್ನು ಉಳಿಸಿಕೊಳ್ಳುತ್ತದೆ. ಅದನ್ನು ಅಳಿಸದಿದ್ದರೆ, ಹಾಜರಿ ಪಟ್ಟಿಯಲ್ಲಿರುವ ವಿದ್ಯಾರ್ಥಿಯ ಹೆಸರನ್ನು ಸರಿಯಾಗಿ ಬೆರಳಚ್ಚಿಸಿದರೂ ಹೋಲಿಕೆ ತಪ್ಪಿ, ‘ಅಂಥ ಹೆಸರಿಲ್ಲ’ ಎಂಬ ಉತ್ತರ ಬರುತ್ತದೆ. ಸಾಲು ಅಳತೆಯನ್ನು ಮೀರಿದರೆ ಉಳಿದ ಭಾಗವು ಹಾಗೆಯೇ ನಿಂತು, ಮುಂದಿನ ಪ್ರಶ್ನೆಗೆ ಉತ್ತರವೆಂಬಂತೆ ಒಳಬರುತ್ತದೆ. ಆದ್ದರಿಂದ ಬದಲಾವಣೆಯ ನಂತರ ಖಾಲಿ ಸಾಲು, ಸಾಮಾನ್ಯ ಸಾಲು, ಅತಿ ಉದ್ದದ ಸಾಲು ಈ ಮೂರನ್ನೂ ಕೊಟ್ಟು ಪರೀಕ್ಷಿಸುವುದು ಅವಶ್ಯಕ.

ಹಳೆಯ ಆದೇಶವನ್ನು ತೆಗೆಯುವ ಮುನ್ನ, ಅದು ಹೇಳದೆಯೇ ಮಾಡುತ್ತಿದ್ದ ಕೆಲಸಗಳಾವುವೆಂಬುದನ್ನು ಅರಿಯಬೇಕು. ಆ ಕೆಲಸಗಳನ್ನು ಹೊಸದಕ್ಕೆ ಒಪ್ಪಿಸಿದಾಗಲೇ ಕ್ರಮವಿಧಿಯು ನಿಜವಾಗಿ ಹೊಸ ಯಂತ್ರವನ್ನು ಸೇರಿದಂತಾಗುವುದು.