ಅಬ್ಬರದ ಮೇಲೇರಿದ ದನಿ

ಹಾಸ್ಟೆಲ್‌ನಲ್ಲಿ ಗೆಳತಿಯರು ನನಗಿಟ್ಟ ಹೆಸರು ‘ಗುಡುಗು’. ನನ್ನ ರೂಮಿನ ಬಾಗಿಲು ತೆರೆದರೆ ಸಾಕು, ಡ್ರಮ್ಸ್ ಮತ್ತು ಗಿಟಾರ್ ಅಬ್ಬರ ಕಾರಿಡಾರಿಗೆ ಬಂದುಬಿಡುತ್ತದೆ ಅನ್ನುವುದು ಅವರ ದೂರು. ‘ಹುಡುಗಿಯಾಗಿ ಮೆಟಲ್ ಕೇಳ್ತೀಯಾ?’ ಎಂದು ಕ್ಲಾಸಿನ ಹುಡುಗರೂ ಹುಬ್ಬೇರಿಸುತ್ತಾರೆ. ಪಾಪ, ಅವರಿಗೇನು ಗೊತ್ತು! ನಾನು ಕೇಳುವ ಮೆಟಲ್‌ನಲ್ಲಿ ಮುಂದೆ ನಿಂತು ಹಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳೇ.

ಇದಕ್ಕೆ ಸಿಂಫೋನಿಕ್ ಮೆಟಲ್ ಎಂದು ಹೆಸರು. ಗಿಟಾರ್, ಡ್ರಮ್ಸ್ ಜತೆಗೆ ಪಿಟೀಲು, ತುತ್ತೂರಿಗಳ ದೊಡ್ಡ ಆರ್ಕೆಸ್ಟ್ರಾ, ಸಮೂಹಗಾನ, ಇವೆಲ್ಲದರ ಮೇಲೆ ಒಪೆರಾ ಶೈಲಿಯ ದನಿ. ನನ್ನ ಮೆಚ್ಚಿನ ತಂಡ ಫಿನ್ಲೆಂಡಿನ ‘ನೈಟ್‌ವಿಶ್’. ಕಿಟೇ ಎಂಬ ಪುಟ್ಟ ಊರಿನಲ್ಲಿ 1996ರಲ್ಲಿ ಟುವೊಮಸ್ ಹೊಲೊಪೈನೆನ್ ಇದನ್ನು ಶುರು ಮಾಡಿದಾಗ ಅವರ ಮನಸ್ಸಿನಲ್ಲಿದ್ದದ್ದು ಮೆದುವಾದ, ಅಕೌಸ್ಟಿಕ್ ಸಂಗೀತ. ಆದರೆ ಗಾಯಕಿ ಟಾರ್ಯಾ ಟುರುನೆನ್ ಶಾಸ್ತ್ರೀಯ ಗಾಯನ ಕಲಿಯುತ್ತಿದ್ದವರು. ಅವರ ದನಿ ಆ ಮೆದು ಸಂಗೀತಕ್ಕೆ ಮೀರಿದ್ದಾಗಿತ್ತು. ಆಗ ತಂಡದವರು ದನಿಯನ್ನು ತಗ್ಗಿಸಲಿಲ್ಲ, ವಾದ್ಯಗಳನ್ನೇ ಏರಿಸಿದರು! ನನಗೆ ತುಂಬ ಇಷ್ಟವಾದ ಸಂಗತಿ ಇದೇ. 2004ರ ‘ಒನ್ಸ್’ ಆಲ್ಬಂ ಹೊತ್ತಿಗೆ ಅವರ ಹಿಂದೆ ಲಂಡನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಇತ್ತು. ಅದರಲ್ಲಿನ ‘ಘೋಸ್ಟ್ ಲವ್ ಸ್ಕೋರ್’ ಹತ್ತು ನಿಮಿಷದ ಹಾಡು.

ಕಳೆದ ಸೆಮಿಸ್ಟರ್ ರಿಸಲ್ಟ್ ಬಂದಾಗ ನಾನು ರಜೆಗೆ ಊರಿನಲ್ಲಿದ್ದೆ. ‘ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್’ನಲ್ಲಿ ಫೇಲ್. ಮೂರು ದಿನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಮೂರನೇ ರಾತ್ರಿ ಜಗಲಿಯಲ್ಲಿ ಕೂತು ಇದೇ ಹಾಡು ಕೇಳುತ್ತಿದ್ದೆ. ಅಪ್ಪ ಪಕ್ಕದಲ್ಲಿ ಬಂದು ಕೂತು, ‘ಏನದು, ಕೊಡು ನೋಡುವ’ ಎಂದರು. ರಾತ್ರಿಯಿಡೀ ಕೂತು ಯಕ್ಷಗಾನ ನೋಡುವ ಮನುಷ್ಯ. ಒಂದು ಇಯರ್‌ಫೋನ್ ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಒಂದು ನಿಮಿಷಕ್ಕೇ ಕಿತ್ತು ಕೊಡುತ್ತಾರೆ ಅಂದುಕೊಂಡಿದ್ದೆ. ಹತ್ತು ನಿಮಿಷವೂ ಕೇಳಿದರು.

‘ಇದರಲ್ಲಿ ಭಾಗವತರು ಯಾರು?’

ನಗು ಬಂತು. ‘ಟಾರ್ಯಾ ಅಂತ, ಫಿನ್ಲೆಂಡಿನವರು’ ಎಂದೆ.

‘ಇಷ್ಟು ಗದ್ದಲದಲ್ಲೂ ದನಿ ಎದ್ದು ಕೇಳ್ತದಲ್ಲ, ಹೇಗೆ?’

ನಾನು ಉತ್ಸಾಹದಲ್ಲಿ ಶುರು ಮಾಡಿದೆ. ಒಪೆರಾ ಗಾಯಕರು ತರಬೇತಿಯಿಂದ ತಮ್ಮ ದನಿಯ ಶಕ್ತಿಯನ್ನು ಸುಮಾರು 3000 ಹರ್ಟ್ಸ್ ಆಸುಪಾಸಿನಲ್ಲಿ ಒಟ್ಟುಗೂಡಿಸುತ್ತಾರೆ. ಅಲ್ಲಿ ಆರ್ಕೆಸ್ಟ್ರಾದ ಜೋರು ಕಡಿಮೆ, ನಮ್ಮ ಕಿವಿಯೂ ಅಲ್ಲಿ ಬಹಳ ಚುರುಕು. ಅದಕ್ಕೇ ಮೈಕಿಲ್ಲದೆಯೂ ದನಿ ಸಭಾಂಗಣದ ಕೊನೆಯವರೆಗೆ ಮುಟ್ಟುತ್ತದೆ. ಆದರೆ ಡಿಸ್ಟಾರ್ಷನ್ ಹಾಕಿದ ಗಿಟಾರ್ ಹೊಸ ಹೊಸ ಹಾರ್ಮೋನಿಕ್ಸ್ ಹುಟ್ಟಿಸಿ ಆ ಜಾಗಕ್ಕೂ ನುಗ್ಗುತ್ತದೆ. ಆಗ ಮಿಕ್ಸಿಂಗ್ ಮಾಡುವವರು ಈಕ್ವಲೈಸರ್‌ನಲ್ಲಿ ಗಿಟಾರನ್ನು ಅಲ್ಲಿ ಸ್ವಲ್ಪ ತಗ್ಗಿಸಿ ದನಿಗೆ ದಾರಿ ಮಾಡಿಕೊಡಬಹುದು.

‘ಅಂದರೆ ಚಂಡೆಯವರು ಭಾಗವತರಿಗೆ ಜಾಗ ಬಿಡಬೇಕು’ ಎಂದರು ಅಪ್ಪ. ಆಮೇಲೆ ಮೆಚ್ಚುಗೆಯಿಂದ, ‘ಇಷ್ಟೆಲ್ಲ ತಿಳ್ಕೊಂಡಿದ್ದೀಯಲ್ಲ, ಇದು ಯಾವ ಸಬ್ಜೆಕ್ಟು?’

ಗಂಟಲು ಕಟ್ಟಿತು. ‘ನಾನು ಫೇಲಾದ ಸಬ್ಜೆಕ್ಟು ಅಪ್ಪಾ.’

ಅವರು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಅಂಗಳ ನೋಡುತ್ತಾ ಕೂತು, ‘ನನಗೆ ಹೇಳಿದ ಹಾಗೆ ಪೇಪರಿನಲ್ಲೂ ಬರಿ’ ಎಂದು ಎದ್ದು ಹೋದರು. ಆ ಮೂರು ದಿನದಲ್ಲಿ ಮೊದಲ ಸಲ ನಿದ್ದೆ ಬಂತು.

2005ರಲ್ಲಿ ಟಾರ್ಯಾ ತಂಡದಿಂದ ಹೊರಬಿದ್ದಾಗ ನೈಟ್‌ವಿಶ್ ಕಥೆ ಮುಗಿಯಿತು ಎಂದುಕೊಂಡ ಅಭಿಮಾನಿಗಳು ಎಷ್ಟೋ. ಮುಗಿಯಲಿಲ್ಲ. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ಡಚ್ ಗಾಯಕಿ ಫ್ಲೋರ್ ಯಾನ್ಸೆನ್ ಅದೇ ‘ಘೋಸ್ಟ್ ಲವ್ ಸ್ಕೋರ್’ ಹಾಡಿದರು. ಟಾರ್ಯಾರನ್ನು ಅನುಕರಿಸದೆ, ತಮ್ಮದೇ ರೀತಿಯಲ್ಲಿ. ಆ ವಿಡಿಯೊ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಮುಂದಿನ ತಿಂಗಳು ನನ್ನ ಮರುಪರೀಕ್ಷೆ. ಫೋರಿಯರ್ ಸೂತ್ರ ಬರೆಯುವಾಗ ಈಗ ಅದರ ಹಿಂದೆ ಒಂದು ದನಿ ಕೇಳಿಸುತ್ತದೆ. ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಓದು ಹೇಗಿದೆ ಎಂದು ಕೇಳಲಿಲ್ಲ. ‘ಆ ಫಿನ್ಲೆಂಡ್ ಭಾಗವತರದ್ದು ಇನ್ನೊಂದು ಪದ ಇದ್ದರೆ ಕಳಿಸು’ ಎಂದರು.